ಥಾಣೆಯಲ್ಲೇ ಇಳಿ ಮಾರಾಯ!

ಗೇಟ್‌ವೇ, ಚೌಪಾಟಿ, ವಿ.ಟಿ. ಸ್ಟೇಷನ್ – ಇವು ಪ್ರವಾಸಿಗರ ಮುಂಬಯಿ. ಊರು ಬಿಟ್ಟು ಒಂಟಿಯಾಗಿ ಹೊರಟ ಕನ್ನಡಿಗರಿಗೆ ಮಹಾನಗರ ಮೊದಲು ಮುಖ ತೋರಿಸುವುದು ಪನ್ವೇಲ್, ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ಪ್ಲಾಟ್‌ಫಾರಂ ಮೇಲೆ. ಫಲಿತಾಂಶ ಬಂದು, ಮಳೆ ಹಿಡಿದು, ಹೊಸ ಹುಡುಗರು ಬ್ಯಾಗು ಹೊತ್ತು ಮತ್ತೆ ರೈಲು ಹತ್ತುವ ಈ ಜೂನ್‌ನಲ್ಲಿ ಆ ಊರುಗಳ ಮೊದಲ ನೋಟ.

ಬೆಳಕು ಇನ್ನೂ ಹರಿದಿರಲಿಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಪನ್ವೇಲ್ ಬಿಟ್ಟಿದ್ದೇ ತಡ, ಬೋಗಿಯೊಳಗೆ ಒಬ್ಬೊಬ್ಬರಾಗಿ ಎದ್ದು ಕೂತರು. ಸೀಟಿನಡಿಯಿಂದ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು ಹೊರಬಂದವು. ಒಂದರಲ್ಲಿ ಕುಚ್ಚಲಕ್ಕಿ, ಒಂದರಲ್ಲಿ ಹಲಸಿನ ಹಪ್ಪಳ. ಇನ್ನೊಂದರಲ್ಲಿ ಏನಿದೆಯೆಂದು ಕೇಳಬೇಕಾಗಿರಲಿಲ್ಲ, ಒಣಮೀನಿನ ವಾಸನೆಯೇ ಹೇಳುತ್ತಿತ್ತು.

ನಾನು ಕಿಟಕಿಗೆ ಹಣೆಯೊತ್ತಿ ನಗರವನ್ನು ಹುಡುಕುತ್ತಿದ್ದೆ. ಸಮುದ್ರ ಕಾಣಲಿಲ್ಲ. ಸಿನಿಮಾದಲ್ಲಿ ನೋಡಿದ ಒಂದು ಕಟ್ಟಡವೂ ಕಾಣಲಿಲ್ಲ. ಗುಡ್ಡದ ನೆರಳು, ಕಾರ್ಖಾನೆಯ ದೀಪ, ಹಳಿಗೆ ತಾಗಿಕೊಂಡೇ ಇರುವ ತಗಡಿನ ಮನೆಗಳು, ಅವುಗಳ ಹಿಂದೆ ಇಪ್ಪತ್ತು ಮೂವತ್ತು ಮಹಡಿಯ ಗೋಪುರಗಳು. ಇಷ್ಟೇ.

ಎದುರಿನ ಬರ್ತಿನಲ್ಲಿ ಹದಿನೆಂಟರ ಆಸುಪಾಸಿನ ಹುಡುಗನೊಬ್ಬನಿದ್ದ. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ "ಕುರ್ಲಾ ಬಂತಾ?" ಎಂದು ಕೇಳುತ್ತಿದ್ದ. ಮೇಲಿನ ಬರ್ತಿನಿಂದ ಇಳಿದು ಬಂದ ಹಿರಿಯರು, ಥಾಣೆಯ ಹೋಟೆಲಿನಲ್ಲಿ ತಲೆ ನರೆತವರು, ಅವನ ಪಕ್ಕ ಕೂತರು.

"ಎಲ್ಲಿಗೆ ಹೋಗ್ಲಿಕ್ಕೆ ಮಗಾ?"

"ಡೊಂಬಿವಲಿ. ಮಾವನ ಹೋಟೆಲಿಗೆ."

"ಮತ್ತೆ ಕುರ್ಲಾ ಎಂತಕ್ಕೆ? ಅಲ್ಲಿಂದ ಪುನಃ ಹಿಂದೆ ಬರ್ಬೇಕಾಗ್ತದೆ. ಥಾಣೆಯಲ್ಲೇ ಇಳಿ ಮಾರಾಯ!"

ಗಾಡಿ ನಿಂತಿತು. ನಿಂತದ್ದು ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಕರಾವಳಿಯ ಅರ್ಧ ಬೋಗಿ ಥಾಣೆಯಲ್ಲಿ ಇಳಿದಿತ್ತು. ನಾನೂ ಇಳಿದೆ. ಒಂದು ಕ್ಷಣ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೆ ಕಿವಿಗೆ ಬಿದ್ದವು. ಮರುಕ್ಷಣ ಎದುರಿನ ಪ್ಲಾಟ್‌ಫಾರಂಗೆ ಲೋಕಲ್ ಬಂದು ನಿಂತಿತು. ಆ ಮಾತುಗಳೆಲ್ಲ ಜನರಲ್ಲಿ ಕರಗಿಹೋದವು.

ನಲವತ್ತೊಂದು ಗಂಟೆಯ ಹಾದಿ

ಇಂದಿನ ಹುಡುಗನಿಗೆ ಇದು ಒಂದು ರಾತ್ರಿಯ ಪ್ರಯಾಣ. ಅವನ ಅಜ್ಜನಿಗೆ ಹಾಗಿರಲಿಲ್ಲ. ಮಂಗಳೂರಿನಿಂದ ಹೊರಟವರು ಹಡಗಿನಲ್ಲಿ ಹೋಗಬೇಕಿತ್ತು, ಇಲ್ಲವೇ ಹುಬ್ಬಳ್ಳಿ–ಬೆಳಗಾವಿ–ಪುಣೆ ಹಾದಿಯಲ್ಲಿ ಬಸ್ಸಿನಲ್ಲಿ ಮೈ ನೋಯಿಸಿಕೊಳ್ಳಬೇಕಿತ್ತು. ರೈಲೇ ಬೇಕೆಂದರೆ ಕೇರಳ, ತಮಿಳುನಾಡು, ಆಂಧ್ರ ಸುತ್ತಿ 2,041 ಕಿ.ಮೀ., 41 ಗಂಟೆ. ಕೊಂಕಣ ರೈಲ್ವೆ ಆ ದೂರವನ್ನು 914 ಕಿ.ಮೀ.ಗೆ, ಸಮಯವನ್ನು ಹದಿನೈದು ಗಂಟೆಗೆ ಇಳಿಸಿತು. ರೋಹಾದಿಂದ ತೋಕೂರಿನವರೆಗಿನ ಹಳಿ ಪೂರ್ತಿಯಾಗಿ ತೆರೆದುಕೊಂಡದ್ದು 1998ರ ಜನವರಿ 26ರಂದು.

ಈ ಹಳಿಯ ಕಥೆಯಲ್ಲಿ ಒಬ್ಬಂಟಿಯಾಗಿ ಮುಂಬಯಿಗೆ ಬಂದ ಒಬ್ಬ ಹುಡುಗನಿದ್ದಾನೆ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿಗೆ ಸೇರಿ, ಅಲ್ಲಿ ಮನಸ್ಸು ನಿಲ್ಲದೆ ಹೊರಬಂದ ಜಾರ್ಜ್ ಫರ್ನಾಂಡಿಸ್. ಹತ್ತೊಂಬತ್ತು–ಇಪ್ಪತ್ತರ ಪ್ರಾಯದಲ್ಲಿ ಕೆಲಸ ಹುಡುಕಿ ಮುಂಬಯಿಗೆ ಬಂದಾಗ ಮಲಗಲು ಅವರಿಗೆ ಸಿಕ್ಕಿದ್ದು ಚೌಪಾಟಿಯ ಬೆಂಚು. ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿ ಜಾಗ ಖಾಲಿ ಮಾಡಿಸುತ್ತಿದ್ದರೆಂದು ಮುಂದೆ ಅವರೇ ನೆನೆಸಿಕೊಂಡಿದ್ದಾರೆ. ಮಹಾನಗರ ಅವರಿಗೆ ತೋರಿಸಿದ ಮೊದಲ ಮುಖ ಅದು.

ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ, ಬಂದರು ಕಾರ್ಮಿಕರ ಸಂಘ, ಹೋಟೆಲ್ ಮಾಣಿಗಳ ಸಂಘ, ಟ್ಯಾಕ್ಸಿ ಚಾಲಕರ ಸಂಘ. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ. 1989ರ ಕೊನೆಯಲ್ಲಿ ರೈಲ್ವೆ ಮಂತ್ರಿ. ದಶಕಗಳಿಂದ ಕಾಗದದ ಮೇಲಿದ್ದ ಕೊಂಕಣ ರೈಲಿಗೆ ಜೀವ ಬಂದದ್ದು ಆಗ. 1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು.

ನಿಗಮದ ಕೇಂದ್ರ ಕಚೇರಿ ಇರುವುದು ನವಿಮುಂಬಯಿಯ ಸಿ.ಬಿ.ಡಿ. ಬೇಲಾಪುರದಲ್ಲಿ. ಆ ಕಟ್ಟಡದ ಮುಂದೆ ನಿಂತಾಗ ನನಗೆ ಚೌಪಾಟಿಯ ಆ ಬೆಂಚು ನೆನಪಾಯಿತು. ಆ ರಾತ್ರಿಗಳನ್ನು ಕಂಡ ಮನುಷ್ಯನ ಕೈಗೆ ಅಧಿಕಾರ ಬಂದಾಗ ತನ್ನ ಹಿಂದೆ ಬರುವವರ ಹಾದಿಯನ್ನು ಅವರು ಸಾವಿರ ಕಿಲೋಮೀಟರಿಗೂ ಹೆಚ್ಚು ಹತ್ತಿರ ಮಾಡಿದರು. ರಾಜಕಾರಣದಲ್ಲಿ ಅವರ ಮುಂದಿನ ನಡೆಗಳನ್ನು ಒಪ್ಪದವರೂ ಈ ಉಪಕಾರವನ್ನು ಮರೆಯಬಾರದು ಎಂದು ನನ್ನ ಅನಿಸಿಕೆ.

▪ ಮೊದಲ ರೈಲಿನ ಕೊನೆಯ ನಿಲ್ದಾಣ
1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ದೂರ 34 ಕಿ.ಮೀ., 14 ಬೋಗಿ, ಸುಮಾರು 400 ಅತಿಥಿಗಳು. ಎಳೆದ ಎಂಜಿನ್‌ಗಳು ಮೂರು: ಸಾಹಿಬ್, ಸಿಂಧ್, ಸುಲ್ತಾನ್. ಮರುವರ್ಷ, 1854ರ ಮೇ 1ರಂದು, ಹಳಿ ಕಲ್ಯಾಣ್ ಮುಟ್ಟಿತು.

ಎಸ್ ಅಂದರೆ ಕರ್ಜತ್

ಗೊತ್ತಿಲ್ಲದ ಊರಿಗೆ ಒಬ್ಬಳೇ ಹೋದಾಗ ಮೊದಲು ಕಲಿಯಬೇಕಾದದ್ದು ಅಲ್ಲಿನ ಅಕ್ಷರಮಾಲೆ. ಈ ಊರುಗಳದ್ದು ಪ್ಲಾಟ್‌ಫಾರಂನ ಮೇಲೆ ತೂಗುವ ಇಂಡಿಕೇಟರಿನಲ್ಲಿದೆ. 'ಕೆ' ಅಂದರೆ ಕಲ್ಯಾಣ್, 'ಟಿ' ಅಂದರೆ ಥಾಣೆ. ಇಷ್ಟು ಸುಲಭ. ಆದರೆ 'ಎನ್' ಅಂದರೆ ಕಸಾರಾ, 'ಎಸ್' ಅಂದರೆ ಕರ್ಜತ್. ಕಲ್ಯಾಣ್‌ನಲ್ಲಿ ಹಳಿ ಕವಲಾಗಿ ಒಂದು ಈಶಾನ್ಯಕ್ಕೆ (ನಾರ್ತ್ ಈಸ್ಟ್) ನಾಸಿಕದ ಕಡೆ, ಇನ್ನೊಂದು ಆಗ್ನೇಯಕ್ಕೆ (ಸೌತ್ ಈಸ್ಟ್) ಪುಣೆಯ ಕಡೆ ಹೋಗುತ್ತದೆ. ಪಕ್ಕದಲ್ಲೇ ಫಾಸ್ಟೋ ಸ್ಲೋವೋ ಎಂಬ ಸೂಚನೆ ಬೇರೆ. ನೋಡುತ್ತ ನಿಂತರೆ ಗಾಡಿ ಹೋಗಿರುತ್ತದೆ. ಇಲ್ಲಿನವರು ಅದನ್ನು ಓದುವುದೇ ಇಲ್ಲ, ನಡೆಯುತ್ತಲೇ ಒಮ್ಮೆ ಕಣ್ಣೆತ್ತುತ್ತಾರೆ, ಅಷ್ಟೆ.

ನಾನು ಸ್ಲೋ ಲೋಕಲ್ ಹತ್ತಿದೆ. 2022ರವರೆಗೆ ಫಾಸ್ಟ್ ಲೋಕಲ್‌ಗಳು 1916ರಲ್ಲಿ ಕೊರೆದ ಪಾರ್ಸಿಕ್ ಸುರಂಗದ ಒಳಗೆ ಸುಮಾರು 1.3 ಕಿ.ಮೀ. ನುಗ್ಗಿ ಹೋಗುತ್ತಿದ್ದವು. ಸ್ಲೋ ಗಾಡಿ ಕಳವಾ, ಮುಂಬ್ರಾ ಎಂದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆ ಹಿಡಿದು, ಗುಡ್ಡದ ಕಾಲಬುಡದಲ್ಲಿ ಸಾಗುತ್ತದೆ. ಮೊದಲ ಸಲ ಹೋಗುವವರು ಸ್ಲೋ ಹಿಡಿಯಬೇಕು. ಒಂದು ಕಡೆ ಹಸಿರು ಗುಡ್ಡ, ಇನ್ನೊಂದು ಕಡೆ ಕಾಂಡ್ಲಾ ಗಿಡಗಳ ನಡುವೆ ಮಿನುಗುವ ನೀರು. ಕುಂದಾಪುರದ ಹೊಳೆಬಾಗಿಲನ್ನು ನೋಡಿದವರಿಗೆ ಈ ನೀರು ಅಪರಿಚಿತ ಅನಿಸುವುದಿಲ್ಲ.

ಬೆಳಗಿನ ಹೊತ್ತು ಡೊಂಬಿವಲಿ ಕಡೆ ಹೋಗುವ ಲೇಡೀಸ್ ಡಬ್ಬಾದಲ್ಲಿ ಕೂರಲು ಜಾಗವಿತ್ತು. ಎದುರು ಬರುತ್ತಿದ್ದ ಗಾಡಿಗಳನ್ನು ನೋಡಿ ಮಾತ್ರ ಎದೆ ಝಲ್ಲೆಂದಿತು. ಬಾಗಿಲ ಹೊರಗೆ ಅರ್ಧ ಮೈ ಚಾಚಿಕೊಂಡ ಜನ, ಒಂದು ಕೈ ಕಂಬಿಗೆ, ಇನ್ನೊಂದು ಕೈಯಲ್ಲಿ ಪಕ್ಕದವನ ಚೀಲ. 2025ರ ಜೂನ್ 9ರ ಬೆಳಿಗ್ಗೆ ಇದೇ ಮುಂಬ್ರಾದ ತಿರುವಿನಲ್ಲಿ, ಎದುರುಬದುರಾಗಿ ಹಾದುಹೋದ ಎರಡು ಗಾಡಿಗಳ ಬಾಗಿಲಿನಲ್ಲಿ ನೇತಾಡುತ್ತಿದ್ದವರಲ್ಲಿ ಕೆಲವರು ಹಳಿಗೆ ಬಿದ್ದು ಸತ್ತರು. ಆಮೇಲೆ, ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಕೂಡಿಸುವುದಾಗಿ ರೈಲ್ವೆ ಪ್ರಕಟಿಸಿತು. ಮುಂಬಯಿಯ 'ಜೀವನಾಡಿ' ಎಂದು ಲೋಕಲ್ಲನ್ನು ಹೊಗಳುವಾಗ ಈ ಸಾವುಗಳ ಹೆಸರೂ ಬರಬೇಕು. ದಿನನಿತ್ಯದ ಸಾಹಸ ಎಂದು ಇದನ್ನು ಮೆಚ್ಚಿಕೊಳ್ಳುವುದು ನನ್ನಿಂದಾಗದು. ಅನ್ನಕ್ಕೆ ಹೊರಟ ಮನುಷ್ಯ ಸಂಜೆ ಮನೆಗೆ ಮರಳಲೇಬೇಕು.

ಹಿಂತಿರುಗುವಾಗ ನಾನೂ ಆ ಜನರೊಳಗೆ ಸಿಕ್ಕಿಕೊಂಡೆ. ಡೊಂಬಿವಲಿಯಲ್ಲಿ ಡಬ್ಬಾದ ಒಳಕ್ಕೆ ನಾನು ಹತ್ತಲಿಲ್ಲ, ಹಿಂದಿನವರು ಹತ್ತಿಸಿದರು. ಉಸಿರು ಹಿಡಿದು ನಿಂತಿದ್ದಾಗ ಕೂತಿದ್ದ ಮರಾಠಿ ಹೆಂಗಸೊಬ್ಬರು ನನ್ನ ಬ್ಯಾಗನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, "ಕುಠೇ ಉತರಣಾರ?" ಎಂದರು. ಎಲ್ಲಿ ಇಳಿಯುತ್ತೀ ಎಂಬ ಈ ಪ್ರಶ್ನೆಯ ಮೇಲೆಯೇ ಡಬ್ಬಾದ ವ್ಯವಹಾರವೆಲ್ಲ ನಿಂತಿದೆ. ನಿಮ್ಮ ಸೀಟು ಯಾವ ಸ್ಟೇಷನ್ನಿನಲ್ಲಿ ಖಾಲಿಯಾಗುತ್ತದೆ, ಅದು ಯಾರಿಗೆ ಹೋಗಬೇಕು, ಆಮೇಲೆ ಯಾರಿಗೆ ಎಂಬುದು ಮಾತಿನಲ್ಲೇ ತೀರ್ಮಾನವಾಗಿರುತ್ತದೆ. ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೆ ಒಂದು ಮೂಲೆ ಬಿಡುವುದು ಅಲಿಖಿತ ಕಾನೂನು. ಕಿಟಕಿಯ ಬಳಿ ಒಬ್ಬಳು ಸಂಜೆಯ ಪಲ್ಯಕ್ಕೆ ಬೀನ್ಸ್ ಮುರಿಯುತ್ತಿದ್ದಳು. ಥಾಣೆ ಹತ್ತಿರವಾದಾಗ ಆ ಹೆಂಗಸು ನನ್ನನ್ನು ಬಾಗಿಲ ಕಡೆ ತಿರುಗಿಸಿ, ಭುಜದ ಮೇಲೆ ಕೈಯಿಟ್ಟು, ಇಳಿಯುವ ಗಳಿಗೆಯವರೆಗೆ ಹಿಡಿದುಕೊಂಡಿದ್ದರು. ಹೆಸರು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಪೂರ್ವವೋ ಪಶ್ಚಿಮವೋ

ಡೊಂಬಿವಲಿಯನ್ನು ರೈಲು ಹಳಿ ಎರಡಾಗಿ ಸೀಳಿದೆ. ಕಲ್ಯಾಣ್ ಕೂಡ ಹಾಗೆಯೇ. ವಿಳಾಸ ಹೇಳುವವರು ಬೀದಿಯ ಹೆಸರಿಗೆ ಮೊದಲು 'ಈಸ್ಟ್' ಅಥವಾ 'ವೆಸ್ಟ್' ಅನ್ನುತ್ತಾರೆ. ತಪ್ಪಾದ ಕಡೆ ಇಳಿದರೆ ಮತ್ತೆ ಸೇತುವೆ ಹತ್ತಿ, ಜನರ ಹೊಳೆಗೆ ಎದುರಾಗಿ ನಡೆಯಬೇಕು.

ಡೊಂಬಿವಲಿಗೆ ಇಳಿದವರಿಗೆ ಕಾಣುವುದು ಇಕ್ಕಟ್ಟು. ಒಂದೆರಡು ದಿನ ಇದ್ದವರಿಗೆ ಕಾಣುವುದು ಓದುವ, ಹಾಡುವ, ನಾಟಕ ನೋಡುವ ಊರು. ಮರಾಠಿ ಕಥೆಗಾರ ಶಂ.ನಾ. ನವರೆ ಬಾಳಿದ ಊರಿದು. ಓದಿದ ಪುಸ್ತಕ ಕೊಟ್ಟು ಬೇರೆ ಪುಸ್ತಕ ಒಯ್ಯುವ ಮೇಳ ನಡೆಸಿ ಹೆಸರಾದ 'ಪೈ ಫ್ರೆಂಡ್ಸ್ ಲೈಬ್ರರಿ' ಇಲ್ಲಿಯದು. ನಮ್ಮ ಯುಗಾದಿಯ ದಿನವೇ ಇವರ ಗುಡಿ ಪಾಡ್ವಾ. ಅಂದು ಗಣೇಶ ಮಂದಿರದ ನೇತೃತ್ವದಲ್ಲಿ ಹೊರಡುವ ಶೋಭಾಯಾತ್ರೆಯನ್ನು ನೋಡಿ ಉಳಿದ ಊರುಗಳು ಕಲಿತವು. ಡೊಂಬಿವಲಿ ಕರ್ನಾಟಕ ಸಂಘ ಸಭೆ ಸಮಾರಂಭಕ್ಕೇ ನಿಲ್ಲಲಿಲ್ಲ. ಮಂಜುನಾಥ ಹೆಸರಿನಲ್ಲಿ ಶಾಲೆ, ಕಾಲೇಜು ಕಟ್ಟಿತು. ಬಂದವರ ಮಕ್ಕಳಷ್ಟೇ ಅಲ್ಲ, ಊರಿನ ಮಕ್ಕಳೂ ಅಲ್ಲಿ ಓದುತ್ತಾರೆ. ಹೊರಗಿನಿಂದ ಬಂದ ಸಮುದಾಯವೊಂದು ಆ ಊರಿಗೆ ಸಲ್ಲಿಸಬಹುದಾದ ಒಳ್ಳೆಯ ಋಣ ಇದು.

ಕರಾವಳಿಯವರಿಗೆ ಥಾಣೆ ಹೇಗೋ ಕಲಬುರಗಿ, ವಿಜಯಪುರ, ಯಾದಗಿರಿಯವರಿಗೆ ಕಲ್ಯಾಣ್ ಹಾಗೆ. ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹೊರಟು, ರಾಯಚೂರು, ಕಲಬುರಗಿ, ಸೊಲ್ಲಾಪುರ, ಪುಣೆ ದಾಟಿ, ಭೋರ್ ಘಾಟ್ ಇಳಿದು ಇಲ್ಲಿಗೆ ಬರುತ್ತದೆ. ಇಳಿಯುವವರ ಕೈಯಲ್ಲಿ ಕುಚ್ಚಲಕ್ಕಿ ಇರುವುದಿಲ್ಲ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಇರುತ್ತದೆ.

ಸ್ಟೇಷನ್ ಹೊರಗೆ, ಬೆಳಿಗ್ಗೆ ಕೂಲಿಗೆ ಜನ ಸೇರುವ ನಾಕಾದಲ್ಲಿ, ನನ್ನ ಫೋನ್ ಮಾತು ಕೇಳಿಸಿಕೊಂಡ ಹೆಂಗಸೊಬ್ಬಳು ಹತ್ತಿರ ಬಂದಳು. "ಯಾವೂರ್ರೀ ಅಕ್ಕಾ ನಿಮ್ದು?" ಅವಳದ್ದು ಅಫಜಲಪುರದ ಕಡೆಯ ಹಳ್ಳಿ. ಗಂಡನೊಂದಿಗೆ ಕಟ್ಟಡ ಕೆಲಸ. ಮೊದಲ ದಿನ ಹೇಗಿತ್ತೆಂದು ಕೇಳಿದೆ. "ಬ್ರಿಡ್ಜ್ ಏರಿದ್ವಿ, ಯಾವ ಕಡಿ ಇಳೀಬೇಕು ತಿಳೀಲಿಲ್ರಿ. ಕೇಳಬೇಕಂದ್ರ ಮಾತು ಬರೂದಿಲ್ಲ. ಮಧ್ಯಾಹ್ನತನಾ ಅಲ್ಲೇ ಕೂತಿದ್ವಿ" ಎಂದಳು. ಈಗ ಮರಾಠಿ ಬರುತ್ತದೆ, ಹಿಂದಿಯೂ ಬರುತ್ತದೆ. ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಅವಳು ಕಟ್ಟಿದ ಗೋಪುರಗಳು ಎಷ್ಟೆಂದು ಅವಳಿಗೂ ಲೆಕ್ಕವಿಲ್ಲ.

ಕಲ್ಯಾಣ್‌ಗೆ ಹೀಗೆ ಏನೂ ಇಲ್ಲದೆ ಬಂದಿಳಿದವರು ಹೊಸಬರಲ್ಲ. ದೇಶ ವಿಭಜನೆಯಾದಾಗ ಸಿಂಧಿನಿಂದ ಬಂದ ನಿರಾಶ್ರಿತರಿಗೆ ಇಲ್ಲಿನ ಸೇನಾ ಶಿಬಿರಗಳೇ ಆಸರೆಯಾದವು. 1949ರಲ್ಲಿ ಅದೇ ಉಲ್ಲಾಸನಗರ ಎಂಬ ಪಟ್ಟಣವಾಯಿತು.

ಊರೇ ಬಾಗಿಲಿಗೆ ಬಂದಾಗ

ಥಾಣೆಯಿಂದ ನವಿಮುಂಬಯಿಯ ಲೋಕಲ್ ಹತ್ತಿದವರಿಗೆ ದೇಶ ಬದಲಾದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಅಗಲ ರಸ್ತೆ, ಸಂಖ್ಯೆ ಹಾಕಿದ ಸೆಕ್ಟರುಗಳು, ಅರಮನೆಯಷ್ಟು ದೊಡ್ಡ ಸ್ಟೇಷನ್‌ಗಳು. ವಾಶಿ ಸ್ಟೇಷನ್ನಿನ ತಲೆಯ ಮೇಲೆ ಐ.ಟಿ. ಕಚೇರಿಗಳ ಸಮುಚ್ಚಯವೇ ಇದೆ. ಮುಂಬಯಿ ತುಂಬಿ ತುಳುಕುತ್ತಿದೆ, ಖಾಡಿಯಾಚೆ ಹೊಸ ನಗರ ಬೇಕು ಎಂದು 1960ರ ದಶಕದಲ್ಲಿ ವಾದಿಸಿದವರು ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್. 1970ರ ಮಾರ್ಚ್‌ನಲ್ಲಿ ಆ ನಗರವನ್ನು ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು. 1992ರ ಮೇ ತಿಂಗಳಲ್ಲಿ ವಾಶಿಗೆ ರೈಲು ಬಂತು.

ಈಗ ವಿಮಾನವೂ ಬರುತ್ತದೆ. ಉಲ್ವೆಯ ಬಳಿಯ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ ಡಿಸೆಂಬರ್ 25ರಿಂದ ಪ್ರಯಾಣಿಕರಿಗೆ ತೆರೆಯಿತು. ಅಂದು ಬೆಳಿಗ್ಗೆ ಮೊದಲು ಬಂದಿಳಿದ ಪ್ರಯಾಣಿಕ ವಿಮಾನ ಬೆಂಗಳೂರಿನದು. ಇನ್ನು ಮುಂದೆ ಕನ್ನಡಿಗರಲ್ಲಿ ಹಲವರಿಗೆ ಮುಂಬಯಿಯ ಮೊದಲ ನೋಟ ಇದೇ.

ತುರ್ಭೆಯಲ್ಲಿ ಇಳಿದಾಗ ಮೊದಲು ಎದುರುಗೊಂಡದ್ದು ಘಾಟು. ಎ.ಪಿ.ಎಂ.ಸಿ.ಯ ಮಸಾಲೆ ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಒಣಮೆಣಸಿನಕಾಯಿ. 'ಬ್ಯಾಡಗಿ' ಎಂದು ವ್ಯಾಪಾರಿ ಕೂಗಿದ್ದು ಕೇಳಿ ನಿಂತುಬಿಟ್ಟೆ. ಅಷ್ಟು ದೂರದಲ್ಲಿ ಹಾವೇರಿ ಜಿಲ್ಲೆಯ ಊರೊಂದರ ಹೆಸರು ದಿನಕ್ಕೆ ಎಷ್ಟು ನಾಲಿಗೆಗಳ ಮೇಲೆ ಬರುತ್ತದೋ!

ಆದರೆ ನವಿಮುಂಬಯಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇಲಾಪುರದ ದಿವಾಳೆ ಕೋಳಿವಾಡ. ಗಾಜಿನ ಕಟ್ಟಡಗಳಿಂದ ಸ್ವಲ್ಪವೇ ದೂರ ನಡೆದರೆ ಜೆಟ್ಟಿ, ದೋಣಿ, ಒಣಹಾಕಿದ ಬಲೆ, ಮೀನು ಬೇರ್ಪಡಿಸುತ್ತ ಕೂತ ಹೆಂಗಸರು. ಮಲ್ಪೆಯ ಮೊಗವೀರರ ಓಣಿಗೆ ಬಂದಂತಾಯಿತು.

ಹೊಸ ನಗರದ ನಕ್ಷೆ ಬಿದ್ದದ್ದು 95 ಹಳ್ಳಿಗಳ ಮೇಲೆ. ಆಗ್ರಿ ಜನರ ಭತ್ತದ ಗದ್ದೆ, ಉಪ್ಪಿನ ಆಗರ, ಕೋಳಿ ಜನರ ಖಾಡಿ ಎಲ್ಲ ಅದರೊಳಗೆ ಬಂತು. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಬೀದಿಗಿಳಿದಾಗ ಉರಣ್ ತಾಲೂಕಿನ ಜಾಸಯಿ ಭಾಗದಲ್ಲಿ ಪೊಲೀಸರು ಗುಂಡು ಹಾರಿಸಿದರು, ಐವರು ಬಲಿಯಾದರು. ಭೂಮಿ ಕಳೆದುಕೊಂಡವರಿಗೆ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಮರಳಿ ಕೊಡುವ ಯೋಜನೆ ಬಂದದ್ದು ಆ ಹೋರಾಟದಿಂದ. ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕೆಂದು ಈ ಜನ ಪಟ್ಟು ಹಿಡಿದದ್ದೂ ಅದಕ್ಕೇ.

ಅಪರಿಚಿತ ಊರಿಗೆ ಕಾಲಿಟ್ಟ ಅಳುಕು ನಮಗೆಲ್ಲ ಗೊತ್ತು. ತಾವು ಕೂತಲ್ಲೇ ಕೂತಿದ್ದು, ಅಪರಿಚಿತ ಊರೊಂದು ತಮ್ಮ ಅಂಗಳದಲ್ಲಿ ಎದ್ದು ನಿಂತಾಗ ಈ ಜನಕ್ಕೆ ಆದ ಅಳುಕನ್ನು ವಾಶಿ, ನೆರೂಲ್, ಖಾರ್ಘರ್‌ಗಳಲ್ಲಿ ಫ್ಲ್ಯಾಟ್ ಕೊಂಡ ನಮ್ಮವರು ಒಮ್ಮೆಯಾದರೂ ಕೇಳಿ ತಿಳಿದುಕೊಳ್ಳಬೇಕು.

▪ ಮೊದಲೇ ಬಂದಿಳಿಯುವ ಅತಿಥಿಗಳು
ಥಾಣೆ ಖಾಡಿಗೆ ನವೆಂಬರ್ ಹೊತ್ತಿಗೆ ಬಂದು ಮೇ ಮುಗಿಯುವಷ್ಟರಲ್ಲಿ ಹೊರಡುವ ರಾಜಹಂಸಗಳಲ್ಲಿ ಹೆಚ್ಚಿನವಕ್ಕೆ ಗುಜರಾತಿನ ಕಚ್ ತವರು. ಖಾಡಿಗೆ 2022ರಲ್ಲಿ ಜೌಗು ನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸರ್ ಮಾನ್ಯತೆ ಸಿಕ್ಕಿತು. ನೆರೂಲ್, ಸೀವುಡ್ಸ್‌ನ ಜೌಗು ಕೆರೆಗಳಲ್ಲೂ ಇವು ಇಳಿಯುತ್ತವೆ. 2024ರ ಮೇ ತಿಂಗಳಲ್ಲಿ ಘಾಟ್‌ಕೋಪರ್ ಮೇಲೆ ವಿಮಾನಕ್ಕೆ ಸಿಕ್ಕಿ 39 ಹಕ್ಕಿಗಳು ಸತ್ತವು.

ಮೊದಲ ರಾತ್ರಿ

ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿಯವರನ್ನು ಓದಿ ಮುಂಬಯಿಯನ್ನು ನೋಡದೆಯೇ ಕಂಡವರು ನಾವು. ಆ ಸಾಹಿತ್ಯದ ಹಿಂದೆಯೂ ಊರು ಬಿಟ್ಟ ಒಂಟಿ ಮನುಷ್ಯನೇ ಇದ್ದಾನೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿ ಮೇಲೆ ಬಂದ ಒಂದು ತಲೆಮಾರೇ ಮುಂಬಯಿಯ ಕನ್ನಡ ಜಗತ್ತನ್ನು ಕಟ್ಟಿತು. 1902ರಷ್ಟು ಹಿಂದೆ ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು, 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದ್ದು ಇಂಥ ಒಂಟಿತನಕ್ಕೆ ಉತ್ತರವಾಗಿ.

ಆಗ ಕನ್ನಡಿಗರು ಫೋರ್ಟ್, ಮಾಟುಂಗಾ, ವಡಾಲಾದಲ್ಲಿದ್ದರು. ಮನೆಬೆಲೆ ಏರಿದ ಹಾಗೆ ಹಳಿಗುಂಟ ಹೊರಕ್ಕೆ ಸರಿದು ಥಾಣೆ, ಡೊಂಬಿವಲಿ, ಕಲ್ಯಾಣ್, ನೆರೂಲ್ ಸೇರಿದರು. ಸಂಘಗಳೂ ಹಿಂದೆಯೇ ಬಂದವು. ಇಲ್ಲಿ ಯಕ್ಷಗಾನ ನಡೆಯುತ್ತದೆ, ರಾಜ್ಯೋತ್ಸವ ನಡೆಯುತ್ತದೆ, ಸನ್ಮಾನಗಳು ನಡೆಯುತ್ತವೆ. ನಡೆಯಲಿ, ಬೇಕು. ಆದರೆ ಇವತ್ತು ಬಂದಿಳಿಯುವವರಲ್ಲಿ ಮಾವನ ಹೋಟೆಲು ಇಲ್ಲದವರೇ ಹೆಚ್ಚು. ಐರೋಲಿಯ ಕಂಪನಿಗೆ ಸೇರಲು ಬಂದ ದಾವಣಗೆರೆಯ ಹುಡುಗಿ, ಡೆಲಿವರಿ ಕೆಲಸಕ್ಕೆ ಬಂದ ಸಿಂದಗಿಯ ಹುಡುಗ, ನಾಕಾದಲ್ಲಿ ನಿಂತ ಅಫಜಲಪುರದ ಆ ತಾಯಿ. ಇವರಿಗೆ ಸಂಘದ ವಿಳಾಸ ತಿಳಿಯುವಷ್ಟರಲ್ಲಿ ಕಷ್ಟದ ದಿನಗಳು ಕಳೆದಿರುತ್ತವೆ.

ಆದ್ದರಿಂದ ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯ ಕನ್ನಡ ಮತ್ತು ತುಳು ಸಂಘಗಳಲ್ಲಿ ನನ್ನದೊಂದು ಕೋರಿಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಸಹಾಯವಾಣಿ ಇಡಿ. ಕನ್ನಡದಲ್ಲಿ ಉತ್ತರ ಕೊಡುವ ಒಬ್ಬರು ಸಾಕು. ಸಭಾಭವನ ಇರುವವರು ಅದರ ಒಂದು ಮೂಲೆಯಲ್ಲಿ ಕೆಲವು ಹಾಸಿಗೆ ಹಾಕಿ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಮಾಡಿ, ಎರಡು ಮೂರು ರಾತ್ರಿ ತಂಗಲು ಬಿಡಿ. ಆ ನಂಬರನ್ನು ಮಂಗಳೂರು, ಉಡುಪಿ, ಕಲಬುರಗಿ, ವಿಜಯಪುರದ ಸ್ಟೇಷನ್‌ಗಳಲ್ಲಿ ಬರೆಸಿ ಹಾಕಿ. ಮಕ್ಕಳನ್ನು ಕಳಿಸುವ ಮನೆಯವರು ಟಿಕೇಟಿನ ಜತೆ ಆ ನಂಬರನ್ನೂ ಬರೆದುಕೊಡಿ. ಇದಕ್ಕೆ ಸರ್ಕಾರದ ಅನುದಾನಕ್ಕೆ ಕಾಯಬೇಕಿಲ್ಲ, ಈ ಮಳೆಗಾಲದಲ್ಲೇ ಶುರುಮಾಡಬಹುದು.